ಕನ್ವರ್ಟರ್ ಕೊಯ್ದ ದಿನ

"ಕೊಯ್ರಿ ಅದನ್ನ," ಎಂದ ಮನೋಜ. "ನನ್ನ ಕಣ್ಣ ಮುಂದ ಕೊಯ್ರಿ."

ರಬಕವಿಯಲ್ಲಿ ಪವರ್‌ಲೂಮಿನ ಶಾಫ್ಟು ಕಡೆಯುವ ಲೇಥ್ ಅದು. ಇವತ್ತು ಅದಕ್ಕೆ ಬಿಗಿದದ್ದು ಕುಂಬಳಕಾಯಿ ಗಾತ್ರದ ಉಕ್ಕಿನ ಡಬ್ಬಿ, ಪ್ರಥಮೇಶನ ರೇಸ್ ಕಾರಿನ ಟಾರ್ಕ್ ಕನ್ವರ್ಟರ್. ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ. ಸುತ್ತ ಬೆಸುಗೆ ಹಾಕಿ ಮುಚ್ಚಿದ ಮೇಲೆ ಒಳಗೇನಿದೆ ಎಂಬುದು ಅದನ್ನು ಕಟ್ಟಿದವರಿಗೆ ಮಾತ್ರ ಗೊತ್ತು.

ಕಟ್ಟಿದವಳು ಮನೋಜನ ಹೆಂಡತಿ ಕ್ಷಮಾ, ತಮ್ಮ ಗ್ಯಾರೇಜಿನಲ್ಲೇ. ಮನೋಜನ ಕಾರಿನದನ್ನೂ ಅವಳೇ ಕಟ್ಟಿದ್ದಳು. ಆದರೂ ಮುಧೋಳದ ಆಚೆ, ಇನ್ನೂ ಸಂಚಾರಕ್ಕೆ ಬಿಡದ ಬೈಪಾಸಿನಲ್ಲಿ ಅವನು ಮೂರು ರವಿವಾರ ಸೋತಿದ್ದ. ಮೂರು ಸಲವೂ ಬನಹಟ್ಟಿಯ ಪ್ರಥಮೇಶನ ಕಾರಿಗೆ. ಕಪ್ಪು ಗಾಜು ಏರಿಸಿಕೊಂಡೇ ಓಟ ಶುರುವಾಗುವ ಗೆರೆಗೆ ಬರುತ್ತಿದ್ದ ಆ ಕಾರು, ಗೆದ್ದ ಮೇಲೆ ದೂರದ ತಿರುವಿನಲ್ಲಿ ಹೋಗಿ ನಿಲ್ಲುತ್ತಿತ್ತು. ಮನೋಜ ಬೆವರು ಒರೆಸುತ್ತ ಅಲ್ಲಿಗೆ ಮುಟ್ಟುವಷ್ಟರಲ್ಲಿ ಪ್ರಥಮೇಶ ಕಾರಿಗೆ ಒರಗಿ ನಿಂತಿರುತ್ತಿದ್ದ. ಬಾಚಿದ ಕೂದಲು ಬಾಚಿದ ಹಾಗೇ. ಸೋಲಿಗಿಂತ ಆ ಕೂದಲೇ ಮನೋಜನನ್ನು ಹೆಚ್ಚು ಉರಿಸಿತ್ತು.

ಈ ರೇಸಿನವರದೊಂದು ಕಟ್ಟಳೆ. ಸೋತವನು ಕೇಳಿದರೆ ಗೆದ್ದವನು ಗಾಡಿಯ ಯಾವ ಭಾಗವನ್ನಾದರೂ ಬಿಚ್ಚಿ ತೋರಿಸಬೇಕು. ಸೋತವನೂ ತನ್ನದನ್ನು ಬಿಚ್ಚಬೇಕು. ಹೆಂಡತಿಯ ಕೈಕೆಲಸವನ್ನೇ ಬಿಚ್ಚಿಸಿದವನು ಮನೋಜನೇ ಮೊದಲು.

ಅವನದನ್ನು ಆಗಲೇ ಕೊಯ್ದಾಗಿತ್ತು. ಒಳಗೆ ಎದುರುಬದುರು ತಿರುಗುವ ಎರಡು ರೆಕ್ಕೆಚಕ್ರ, ನಡುವೆ ಸ್ಟೇಟರ್ ಎಂಬ ಮೂರನೆಯ ಚಿಕ್ಕ ಚಕ್ರ. ಗೆರೆಯಿಂದ ಗಾಡಿ ಹೇಗೆ ಚಿಮ್ಮುತ್ತದೆ ಎಂಬುದು ಈ ಸ್ಟೇಟರಿನ ರೆಕ್ಕೆಗಳ ಓರೆಯ ಮೇಲಿದೆ. ಅದನ್ನು ಆರಿಸುವಾಗಲೇ ಮನೆಯಲ್ಲಿ ಜಗಳವಾಗಿತ್ತು. ಕಂಪನಿಯ ಸ್ಟೇಟರೇ ಇರಲಿ, ಬೇರಿಂಗ್ ಬದಲಿಸಿದರೆ ಸಾಕು ಎಂದಿದ್ದಳು ಕ್ಷಮಾ. "ಗೆರಿ ಮ್ಯಾಲ ನಿಂತು ನೋಡೀಯೇನು? ನಿನಗೇನ ತಿಳೀತೈತಿ?" ಎಂದು ಮನೋಜ ಹೊರದೇಶದ ಉಕ್ಕಿನ ಸ್ಟೇಟರ್ ತರಿಸಿದ್ದ. ರೇಸಿನ ದಿನ ಅವಳನ್ನು ಜಮಖಂಡಿಯ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದ.

ಈಗ ಅದೇ ಉಕ್ಕಿನ ಸ್ಟೇಟರ್ ಮೇಜಿನ ಮೇಲೆ ಹೊಳೆಯುತ್ತಿತ್ತು.

"ನಾ ಹೇಳಿದ್ದು ಹಾಕೀ, ಖರೆ," ಎಂದ ಮನೋಜ ಹೆಂಡತಿಯ ಕಡೆ ತಿರುಗಿ. "ಅವಂಗ ಇದಕ್ಕಿಂತ ಛಲೋದು ಹಾಕೀ. ಅದು ಹೊರಗ ಬಿತ್ತಂದ್ರ ತೇರದಾಳಕ್ಕ ನಿಮ್ಮ ಅಪ್ಪನ ಮನಿಗೆ ನಡಿ. ಗ್ಯಾರೇಜಿನ ಹೊಸ್ತಿಲಾ ತುಳೀಬ್ಯಾಡ."

"ಬೀಳಲಿಲ್ಲಂದ್ರ?"

ಮನೋಜ ಲೇಥಿನ ಕಡೆ ಕೈ ಬೀಸಿದ. "ಚನಮಲ್ಲಪ್ಪಾ, ಚಾಲೂ ಮಾಡ್ರಿ!"

"ಹೇಂತಿ ಮ್ಯಾಲಿನ ಸಿಟ್ಟಿಗೆ ನನ್ನ ಲೇಥ್ ಯಾಕೋ ತಮ್ಮಾ," ಎನ್ನುತ್ತ ಲೇಥಿನ ಚನಮಲ್ಲಪ್ಪ ಗುಂಡಿ ಒತ್ತಿದ. ಬೆಸುಗೆ ಸುರುಳಿಸುರುಳಿಯಾಗಿ ಬಿಚ್ಚಿಕೊಂಡಿತು. ಪ್ರಥಮೇಶ ಬಾಗಿಲಿಗೆ ಒರಗಿದ್ದ. ಕ್ಷಮಾ ಕೈಕಟ್ಟಿ ನಿಂತಿದ್ದಳು. ಕಣ್ಣು ಮಿಟುಕಿಸಲಿಲ್ಲ.

ಡಬ್ಬಿ ಎರಡಾಯಿತು. ಮನೋಜ ಎಣ್ಣೆಯೊಳಗೆ ಕೈ ಹಾಕಿ ಸ್ಟೇಟರನ್ನು ಎತ್ತಿದ. ತಿರುಗಿಸಿ ನೋಡಿದ. ಮತ್ತೆ ನೋಡಿದ.

ಕಂಪನಿಯದು. ಹಳೆಯದು. ಅಂಚು ಮಾಸಿದ ಅಲ್ಯೂಮಿನಿಯಂ.

"ಇದು ಗುಜರಿ ಮಾಲ!"

"ಹೌದರಿ. ನಾ ನಿಮಗ ಹಾಕ್ಕೋರಿ ಅಂದದ್ದೂ ಅದನ್ನ."

ಸಿಟ್ಟು ಇಳಿಯಲಿಲ್ಲ, ದಿಕ್ಕು ಬದಲಿಸಿತು. ಮನೋಜ ಪ್ರಥಮೇಶನ ಕೊರಳಪಟ್ಟಿ ಹಿಡಿದ. "ನನ್ನ ಎಂಜಿನ್ ದೊಡ್ಡದು. ನನ್ನ ಸಾಮಾನ ತುಟ್ಟಿದು. ಈ ಗುಜರಿ ಇಟ್ಕೊಂಡು ಹೆಂಗ ಗೆದ್ದಿ ಲೇ? ಏನ ಮಾಡಿದಿ?"

"ನಾ ಏನೂ ಮಾಡಿಲ್ಲಪಾ," ಎಂದ ಪ್ರಥಮೇಶ. "ಆಣಿ ಮಾಡಿ ಹೇಳ್ತೇನಿ."

"ಸುಳ್ಳ ಬೊಗಳಬ್ಯಾಡ!"

ಕ್ಷಮಾ ನಡುವೆ ಬಂದು ಗಂಡನ ಕೈಯನ್ನು ಆ ಕೊರಳಪಟ್ಟಿಯಿಂದ ಬಿಡಿಸಿದಳು. ಅವಳ ದನಿಯಲ್ಲಿ ಅವನದಕ್ಕಿಂತ ಹಳೆಯ ಸಿಟ್ಟಿತ್ತು.

"ಬಿಡ್ರಿ ಅವರನ್ನ. ಮೂರೂ ಸಲ ಆ ಗಾಡಿ ಓಡಿಸಿದಾಕಿ ನಾನ."