ಬೊಮ್ಮಪ್ಪ ಬಾರದ ದಿನ

ಮತ್ತೊಂದು ಪೋರ್ಟ್ ಸತ್ತಿತು. ಒಂದೂವರೆ ತಿಂಗಳಲ್ಲಿ ಇದು ನಾಲ್ಕನೆಯದು.

ಕೊಟ್ಟೂರಿನ ತನ್ನ ಪುಟ್ಟ ಇಂಟರ್‌ನೆಟ್ ಆಫೀಸಿನಲ್ಲಿ ಗೀತಾಂಜಲಿ ಊರೂರಿಗೆ ನೆಟ್ ಹಂಚುವ ಸ್ವಿಚ್ಚಿನ ಮುಂದೆ ಕುಕ್ಕರಗಾಲಲ್ಲಿ ಕೂತು ಪೋರ್ಟಿನಿಂದ ವೈರು ಕಿತ್ತು ಮತ್ತೆ ಸಿಕ್ಕಿಸಿದಳು. ಹಸಿರು ದೀಪ ಹತ್ತಲಿಲ್ಲ. ಮಾಳಿಗೆಯ ಕಂಬದ ಮೇಲೆ ಹಳ್ಳಿಗೆ ಸಿಗ್ನಲ್ ಕಳಿಸುವ ರೇಡಿಯೋದಿಂದ ಇಳಿದು ಬರುವ ವೈರು ಅದು. ಆ ರೇಡಿಯೋ ಸತ್ತರೆ ಚಿಗಟೇರಿಗೆ ನೆಟ್ ಇಲ್ಲ. ಅಲ್ಲಿಯವರು ಹೇಳಿಯಾಗಿತ್ತು: ಇನ್ನೊಂದು ಸಲ ನಿಂತರೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೊಸ ಕಂಪನಿಗೆ ಹೋಗುತ್ತೇವೆ.

ಮೂರು ತಿಂಗಳ ಹಿಂದಷ್ಟೇ ಸೇರಿದ ಟೆಕ್ನಿಷಿಯನ್ ಅರುಣಕುಮಾರ್ ಮಾಳಿಗೆಯಿಂದ ಇಳಿದು ಬಂದ. ಮಳೆಯಿಲ್ಲದ ಆಷಾಢದ ಗಾಳಿ. ತಲೆತುಂಬ ಕೆಂಪು ಧೂಳು.

"ರೇಡಿಯೋ ಬದಲಿಸಿದೆ, ವೈರು ಬದಲಿಸಿದೆ, ಅಕ್ಕಾ. ಆದ್ರೂ ಪೋರ್ಟ್ ಸುಡತೈತಿ ಅಂದ್ರ ಇದು ಮನುಷ್ಯರ ಕೆಲಸ."

"ಕೀಲಿಕೈ ಇರೋದು ನನ್ನತ್ರ, ನಿನ್ನತ್ರ."

"ಬೊಮ್ಮಣ್ಣನ್ನ ಮರತ್ರಿ."

ಬೊಮ್ಮಪ್ಪ ಅವಳ ಅಪ್ಪ ಪಂಚಾಕ್ಷರಪ್ಪನ ಕಾಲದಿಂದ ಇದ್ದವನು. ಬೆಳಿಗ್ಗೆ ಆರಕ್ಕೇ ಬಂದು ಬಾಗಿಲು ತೆಗೆಯುತ್ತಾನೆ. ಅಪ್ಪ ತೀರಿಕೊಂಡು ಆಫೀಸು ತನ್ನ ಕೈಗೆ ಬಂದಾಗ ಅವನ ಕೆಲಸ ಏನೇನೆಂದು ಅವಳು ಕೇಳಿರಲೇ ಇಲ್ಲ. ಕಸ ಹೊಡೆಯುವವನ ಕೆಲಸ ಕಸ ಹೊಡೆಯುವುದು.

ಹಾಜರಿ ಪುಸ್ತಕ ತೆಗೆದಳು. ಪೋರ್ಟ್ ಸುಟ್ಟ ನಾಲ್ಕು ದಿನವೂ ಬೊಮ್ಮಪ್ಪ ರಜೆ. ಅದೂ ನಾಲ್ಕು ಸಲವೂ ರಜೆಯ ಎರಡನೆಯ ದಿನ.

"ನೋಡ್ರಿ, ಹಚ್ಚೋದು ಹಚ್ಚಿ ಊರು ಬಿಡತಾನ," ಅರುಣ ಹಲ್ಲು ಕಿರಿದ. "ಬೆಂಕಿ ಹತ್ತೋ ಹೊತ್ತಿಗೆ ಕೂಡ್ಲಿಗ್ಯಾಗ ಬೀಗರ ಮನಿ ಹೋಳಿಗಿ ತಿಂತಿರತಾನ."

ಆಫೀಸಿನ ಕ್ಯಾಮೆರಾದಲ್ಲಿ ಹಿಂದಿನ ದಿನಗಳ ದೃಶ್ಯ ತೆಗೆದು ನೋಡಿದಳು. ಬೊಮ್ಮಪ್ಪ ಸ್ವಿಚ್ಚಿನ ತಂಟೆಗೇ ಹೋಗುವುದಿಲ್ಲ. ಗುಡಿಸುತ್ತಾನೆ, ಹಿಂದಿನ ಬಾಗಿಲಿನಿಂದ ಹಿತ್ತಲಿಗೆ ಹೋಗುತ್ತಾನೆ, ಹತ್ತು ನಿಮಿಷ ಕಾಣುವುದಿಲ್ಲ. ಮಾಳಿಗೆಯ ವೈರುಗಳು ಇಳಿದು ಬರುವುದೂ ಹಿತ್ತಲಿನ ಗೋಡೆಯ ಮೇಲೆಯೇ.

ರಜೆ ಮುಗಿಸಿ ಅವನು ಬಂದ ದಿನ ಕೇಳಿಯೇಬಿಟ್ಟಳು.

"ಹಿತ್ತಲಾಗ ದಿನಾ ಏನ್ ಮಾಡತಿ, ಬೊಮ್ಮಣ್ಣ?"

"ನೀರು ಹಾಕತೀನ್ರಿ, ಅಕ್ಕಾರ."

"ಯಾವ ಗಿಡಕ್ಕ? ಅಲ್ಲಿ ಜಾಲಿ ಸೈತ ಇಲ್ಲ."

"ಗಿಡಕ್ಕ ಅಂತ ನಾ ಎಲ್ಲಿ ಅಂದೆ?" ಅವನು ನಕ್ಕ. "ಅಪ್ಪಾರು ಹೇಳಿದ ಕೆಲಸ..."

"ಸತ್ತವರ ಹೆಸರು ತಗದು ಸುಳ್ಳು ಹೇಳಬ್ಯಾಡ. ಕೀಲಿಕೈ ಇಡು. ನಾಳಿಂದ ಬರಬ್ಯಾಡ."

ನಗು ಆರಿತು. ಕೀಲಿಕೈ ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿ, ತಿರುಗಿ ನೋಡದೆ ಹೋದ.

ಹೊಸ ಸ್ವಿಚ್ ಬಂತು. ಬೀಗವೂ ಹೊಸದು. ಬೊಮ್ಮಪ್ಪ ಹೋದ ಮೂರನೆಯ ದಿನ ಬೆಳಿಗ್ಗೆ ಮಾಳಿಗೆಯ ರೇಡಿಯೋಗಳ ಐದೂ ಪೋರ್ಟ್ ಒಟ್ಟಿಗೇ ಸತ್ತವು. ಚಿಗಟೇರಿಯ ಜೊತೆ ಸುತ್ತಿನ ಊರುಗಳಿಗೂ ನೆಟ್ ನಿಂತಿತು.

ಗೀತಾಂಜಲಿ ನೆಟ್ಟಗೆ ಬೊಮ್ಮಪ್ಪನ ಮನೆಗೆ ನಡೆದಳು. ಹೊಸ್ತಿಲಲ್ಲಿ ಅವನ ಹೆಂಡತಿ ಅಂಜಿನಕ್ಕ ಜೋಳ ಹಸನು ಮಾಡುತ್ತಿದ್ದಳು.

"ಎಲ್ಲಿ ನಿನ್ನ ಗಂಡ?"

"ಕೆಲಸಕ್ಕ ಹೋಗ್ಯಾರ್ರಿ. ಬಸ್‌ಸ್ಟ್ಯಾಂಡ್ ಹತ್ರ ಹೊಸ ಕಂಪನಿ ಐತಲ್ರಿ? ಅವರೇ ಮನಿಗೆ ಬಂದು ಕರದ್ರು."

ಇನ್ನೇನು ಸಾಕ್ಷಿ ಬೇಕು? ಗೀತಾಂಜಲಿ ಆ ಕಂಪನಿಯ ಮುಂಬಾಗಿಲಿಗೆ ಹೋಗಲಿಲ್ಲ. ಓಣಿ ಸುತ್ತಿ ಹಿತ್ತಲಿಗೇ ನುಗ್ಗಿದಳು. ಅಲ್ಲಿ ರೇಡಿಯೋ ಕಂಬದ ಬುಡದ ಬರಿ ನೆಲದಲ್ಲಿ ಬೊಮ್ಮಪ್ಪ ಕೊಡ ಬಗ್ಗಿಸಿ ನೀರು ಹೊಯ್ಯುತ್ತಿದ್ದ. ಒದ್ದೆ ಮಣ್ಣಿನಿಂದ ಎದ್ದ ತಾಮ್ರದ ಪಟ್ಟಿಯೊಂದು ಕಂಬದ ತುದಿಯವರೆಗೂ ಹೋಗಿತ್ತು.

"ನನ್ನ ಐದೂ ಪೋರ್ಟ್ ಸುಟ್ಟೆಲ್ಲೋ!"

ಅವನು ಬೆಚ್ಚಿ ಕೊಡ ಇಳಿಸಿದ.

"ಒಣಾ ಗಾಳಿಗೆ ರೇಡಿಯೋದಾಗ ಕರೆಂಟ್ ಹುಟ್ಟತೈತ್ರಿ, ಅಕ್ಕಾರ. ಅದು ನೆಲಕ್ಕ ಇಳೀಲಿ ಅಂತಾನೇ ಅಪ್ಪಾರು ನಿಮ್ಮ ಹಿತ್ತಲಾಗ ಅರ್ತಿಂಗ್ ಗುಂಡಿ ತೋಡಿಸಿದ್ರು. ಗುಂಡಿ ಒಣಗಿದ್ರ ಎಲ್ಲಾ ಪೋರ್ಟಿಗೇ ಹೊಡಿತೈತಿ."

ಆಮೇಲೆ, ನಿಜಕ್ಕೂ ಗಾಬರಿಯಾಗಿ ಕೇಳಿದ: "ನಾ ಬಿಟ್ಟ ಮ್ಯಾಲ ಅದಕ್ಕ ಒಂದು ಕೊಡ ನೀರು ಯಾರೂ ಹಾಕಲಿಲ್ಲೇನ್ರಿ?"