ಮೂರರ ಗುರುತು

ಮಧ್ಯಾಹ್ನ ಒಂದು ಗಂಟೆಗೆ ತನಿಖೆಯ ಅಧಿಕಾರಿ ಕಚೇರಿಯೊಳಗೆ ಕಾಲಿಟ್ಟಾಗ ಮ್ಯಾನೇಜರು ಒಂದು ತುದಿ, ಮುದುಕ ಅಟೆಂಡರು ಇನ್ನೊಂದು ತುದಿ ಹಿಡಿದು ಟೇಬಲ್ಲನ್ನು ಎತ್ತಿದ್ದರು. ಮೇಲಿದ್ದ ಶಾಯಿಬುಡ್ಡಿ ಅಲುಗದ ಹಾಗೆ, ತುಂಬಿದ ಕೊಡ ಹೊತ್ತವರಂತೆ ಪುಟ್ಟಪುಟ್ಟ ಹೆಜ್ಜೆಯಿಟ್ಟು ನಾಲ್ಕು ಅಡಿ ನಡೆದು ಇಳಿಸಿದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ‘೧’ ಎಂದು ಬರೆದಿತ್ತು. ಟೇಬಲ್ಲಿನ ಕಾಲು ಸರಿಯಾಗಿ ಅದರ ಮೇಲೆ ಕೂತಿತು.

“ಇದೇನು, ಟೇಬಲ್ಲಿಗೆ ವಾಕಿಂಗ್ ಮಾಡಿಸ್ತಿದ್ದೀರಾ?” ಎಂದಳು ಆಕೆ.

“ಬಿಸಿಲು ಒಂದು ಕಡೆ ನಿಲ್ಲಲ್ವಲ್ಲ ತಾಯಿ. ಅದು ಹೋದ ಕಡೆ ನಾವೂ ಹೋಗ್ಬೇಕು,” ಎಂದ ಅಟೆಂಡರು. ಇದೇ ಕಾರಣಕ್ಕೆ ಊರವರು ಅವನನ್ನು ಗಡಿಯಾರ ಎಂದು ಕರೆಯುತ್ತಿದ್ದರು.

ಜಮೀನು ಅಳತೆಯ ಆ ಕಚೇರಿ ತಾತ್ಕಾಲಿಕ ಎಂದು ಈ ಹಳೆಯ ದವಸದ ಉಗ್ರಾಣಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಉಗ್ರಾಣಕ್ಕೆ ಕಿಟಕಿಯಿಲ್ಲ, ಕಾಳಿಗೆ ಬೆಳಕು ಯಾತಕ್ಕೆ? ವೈರುಗಳನ್ನು ಇಲಿಗಳು ಎಂದೋ ತಿಂದು ಮುಗಿಸಿದ್ದವು. ಕಟ್ಟಡ ಉಗ್ರಾಣದವರದು, ಅವರೇ ಸರಿಮಾಡಿಸಲಿ ಎಂದು ಇಲಾಖೆ. ಒಳಗೆ ಕೂತವರು ಅವರು, ಅವರೇ ಮಾಡಿಸಿಕೊಳ್ಳಲಿ ಎಂದು ಉಗ್ರಾಣದವರು. ಛಾವಣಿಯಲ್ಲಿ ಒಂದೇ ಒಂದು ಗಾಜಿನ ಹೆಂಚಿತ್ತು. ಅದರಿಂದ ಇಳಿದ ಬಿಸಿಲು, ಒಂದು ಚಾಪೆಯಷ್ಟು ಅಗಲ, ಬೆಳಗಿನಿಂದ ನೆಲದ ಮೇಲೆ ಸರಿಯುತ್ತ ಹೋಗುತ್ತಿತ್ತು.

ಅಧಿಕಾರಿ ಚೀಲದಿಂದ ಫಾರಂ ತೆಗೆದಳು. “ಮುನ್ನೂರ ಹನ್ನೆರಡು ಅರ್ಜಿ ಬಾಕಿ. ಮಳೆಗಾಲದ ಎರಡು ತಿಂಗಳಲ್ಲಿ ನೀವು ಸಹಿ ಮಾಡಿರೋದು ಬರೀ ಹದಿನೇಳು. ಜನ ದೂರು ಕೊಡದೆ ಇನ್ನೇನು ಮಾಡ್ತಾರೆ?”

“ಕೊಡಬೇಕಾದ್ದೇ,” ಎಂದರು ಮ್ಯಾನೇಜರು.

“ಒಂದು ಟಾರ್ಚ್ ಹಿಡ್ಕೊಂಡು ನೋಡೋಕೆ ಆಗಲ್ವಾ ಸಾರ್?”

ಮ್ಯಾನೇಜರು ಎದುರಿಗಿದ್ದ ನಕ್ಷೆಯನ್ನು ಆಕೆಯ ಕಡೆ ತಿರುಗಿಸಿದರು. “ಕೆಂಪು ಗೆರೆ ಹೊಲದ ಗಡಿ, ಕಂದು ಗೆರೆ ಕಾಲುದಾರಿ. ಟಾರ್ಚಿನ ಹಳದಿ ಬೆಳಕಲ್ಲಿ ಎರಡೂ ಒಂದೇ ಥರ ಕಾಣ್ತವೆ. ಬಂದ ಹೊಸದರಲ್ಲಿ ಹಾಗೇ ನೋಡಿ ಸಹಿ ಹಾಕಿಬಿಟ್ಟೆ. ಒಬ್ಬ ಹೆಂಗಸಿನ ಬಾವಿ ಅವಳ ಮೈದುನನ ಪಾಲಿಗೆ ಹೋಯ್ತು. ಅದನ್ನ ತಿರುಗಿ ಕೊಡಿಸೋಕೆ ಮೂರು ವರ್ಷ ಬೇಕಾಯ್ತು. ಆ ಮೂರು ವರ್ಷ ಅವಳು ತನ್ನ ಬಾವಿ ಕಣ್ಣೆದುರಿಗೇ ಇಟ್ಕೊಂಡು ಎಲ್ಲಿಂದಲೋ ನೀರು ಹೊತ್ತಳು. ಆಮೇಲೆ ಕತ್ತಲಲ್ಲಿ ಪೆನ್ನು ಮುಟ್ಟಿಲ್ಲ.”

ಅಧಿಕಾರಿ ರಿಜಿಸ್ಟರುಗಳನ್ನು ಕೇಳಿದಳು. ಇಂಥ ಕಥೆಗಳನ್ನು ಕೇಳಿ ಕೇಳಿ ಆಕೆಗೆ ರೂಢಿಯಾಗಿತ್ತು. ರಿಜಿಸ್ಟರುಗಳನ್ನು ತರಲು ಮ್ಯಾನೇಜರು ಹಿಂದಿನ ಕೋಣೆಗೆ ಹೋದಾಗ ಗಡಿಯಾರ ಹತ್ತಿರ ಬಂದು ದನಿ ತಗ್ಗಿಸಿದ.

“ನಮ್ಮ ಯಜಮಾನರನ್ನ ದೂರಕ್ಕೆ ವರ್ಗ ಮಾಡ್ತಾರಾ ತಾಯಿ?”

“ವರದಿ ಹೇಗಿರುತ್ತೋ ಹಾಗೆ.”

“ಅಲ್ಲ, ಅವರ ಮನೆಯ ಅಮ್ಮಾವರಿಗೆ ಬಲಗೈ ಸ್ವಾಧೀನ ಇಲ್ಲ. ದಿನಾ ಬೆಳಿಗ್ಗೆ ಯಜಮಾನರೇ ತಲೆ ಬಾಚಿ ಜಡೆ ಹಾಕಿ ಬರ್ತಾರೆ. ಮೊದಮೊದಲು ಜಡೆ ಅಂದ್ರೆ ದನ ಕಟ್ಟೋ ಹಗ್ಗದ ಹಾಗಿತ್ತು. ಈಗ ಪರವಾಗಿಲ್ಲ, ಹೆಂಗಸರೇ ಮೆಚ್ಚಬೇಕು.” ಅವನು ನಕ್ಕ, ಮರುಗಳಿಗೆ ನಗುವನ್ನು ಒರೆಸಿಕೊಂಡ. “ನಾನು ಹೇಳಿದೆ ಅಂತ ಅವರಿಗೆ ಗೊತ್ತಾಗಬಾರದು. ನನ್ನನ್ನ ಬೈಯೋದೂ ಇಲ್ಲ ಅವರು, ಸುಮ್ಮನಿದ್ದುಬಿಡ್ತಾರೆ. ಅದೇ ಕಷ್ಟ.”

ಎರಡು ಗಂಟೆಗೆ ಟೇಬಲ್ಲು ಮತ್ತೆ ನಡೆಯಿತು. ಮ್ಯಾನೇಜರು ತಮ್ಮ ಕುರ್ಚಿಯನ್ನು ಅಧಿಕಾರಿಗೆ ಬಿಟ್ಟುಕೊಟ್ಟು, ಒಂದು ಖಾಲಿ ಗೋಣಿಚೀಲದ ಮೇಲೆ ಗಡಿಯಾರನ ಪಕ್ಕದಲ್ಲಿ ಕೂತರು. ಆಕೆ ರಿಜಿಸ್ಟರು ನೋಡುತ್ತ ಫಾರಂ ತುಂಬುತ್ತಿದ್ದಳು. ಮೂಲೆಯಲ್ಲಿ ಒಂದು ಗುಬ್ಬಿ ಹನ್ನೊಂದು ವರ್ಷದ ಹಿಂದಿನ ಕಾಳು ಹುಡುಕುತ್ತಿತ್ತು. ‘ವಿಳಂಬಕ್ಕೆ ಕಾರಣ’ ಎಂಬಲ್ಲಿಗೆ ಬಂದಾಗ ಆಕೆಯ ಪೆನ್ನು ನಿಂತಿತು. ಬಂದ ದಾರಿಯಲ್ಲಿ ಬಸ್ಸಿನಲ್ಲೇ ಆಕೆ ಅಲ್ಲಿಗೊಂದು ಶಬ್ದ ಇಟ್ಟುಕೊಂಡಿದ್ದಳು: ನಿರ್ಲಕ್ಷ್ಯ.

ಕುರ್ಚಿಯನ್ನು ಕೊಂಚ ಬಲಕ್ಕೆ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಫಾರಮ್ಮನ್ನೂ ಬಲಕ್ಕೆ ಸರಿಸಿದಳು. ಮತ್ತೆ ಕುರ್ಚಿ. ಕೊನೆಗೆ ಟೇಬಲ್ಲಿನ ಅಂಚಿಗೆ ಬಂದು, ಮೊಣಕೈ ಊರಲು ಜಾಗವಿಲ್ಲದೆ ಫಾರಮ್ಮನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಗಡಿಯಾರ ಏನೋ ತಮಾಷೆ ಹೇಳಲು ಬಾಯಿ ತೆರೆದ. ಮ್ಯಾನೇಜರು ಮೆಲ್ಲಗೆ ಅವನ ಮೊಣಕಾಲಿನ ಮೇಲೆ ಕೈಯಿಟ್ಟರು.

ತಾನೂ ಬಿಸಿಲಿನ ಹಿಂದೆ ಸರಿಯುತ್ತ ಬಂದದ್ದು ಆಕೆಗೆ ಆಗ ಅರಿವಾಯಿತು. ತಾನು ಕೂತ ಕಡೆಯಿಂದ ಟೇಬಲ್ಲಿನವರೆಗೆ ನೋಡಿದಳು. ಎದ್ದು ಟೇಬಲ್ಲಿನ ಒಂದು ತುದಿಗೆ ಕೈ ಹಾಕಿದಳು.

“ತಾತ, ಆ ಕಡೆ ಹಿಡೀರಿ. ಮೂರರ ಗುರುತು ಎಲ್ಲಿದೆ?”

“ಮೂರಕ್ಕೆ ಗುರುತಿಲ್ಲ ತಾಯಿ,” ಎಂದ ಗಡಿಯಾರ. “ಅಲ್ಲಿಗೆ ಗೋಡೆ ಬಂತು.”

ಬಿಸಿಲು ಗೋಡೆ ಹತ್ತಿತ್ತು. ಆಕೆ ಫಾರಂ ಹಿಡಿದು ಅಲ್ಲಿಗೆ ಹೋದಳು. ಕಾಗದವನ್ನು ಗೋಡೆಗೆ ಒತ್ತಿ, ಪೆನ್ನು ಎತ್ತಿ, ಹಾಗೇ ನಿಂತಳು. ಸುಣ್ಣದ ಮೇಲೆ ಸೊಂಟದೆತ್ತರದಿಂದ, ಕಾಗದ ತೂರಿ ಇಳಿದ ಶಾಯಿಯ ಚುಕ್ಕೆಗಳು ಶುರುವಾಗಿದ್ದವು. ಎದೆಯೆತ್ತರದಲ್ಲಿ ಒತ್ತೊತ್ತಾಗಿ, ತಲೆಯ ಮೇಲೆ ವಿರಳವಾಗಿ, ಮೇಲೆ ಮೇಲೆ ಹೋಗಿದ್ದವು. ಕಟ್ಟಕಡೆಯ ಚುಕ್ಕೆ ಎಷ್ಟು ಎತ್ತರದಲ್ಲಿತ್ತೆಂದರೆ, ಮನುಷ್ಯ ತುದಿಗಾಲಿನಲ್ಲಿ ನಿಂತು ಕೈ ಚಾಚಿದರಷ್ಟೇ ಎಟಕುವಂತಿತ್ತು.