ಐವತ್ತಕ್ಕೆ ಐವತ್ತು

ಹುಡುಗಿ ತುಂಬಿಕೊಟ್ಟ ಹಾಳೆಯ ಅಂಕಗಳನ್ನು ಆಪ್ತಸಮಾಲೋಚಕಿ ಎರಡು ಸಲ ಕೂಡಿದಳು. ಹತ್ತು ಪ್ರಶ್ನೆ, ನಿದ್ದೆ, ಓದು, ಗೆಳತಿಯರು, ಮನೆಯಲ್ಲಿ ನೆಮ್ಮದಿ, ಎಲ್ಲದರಲ್ಲೂ ‘ತುಂಬಾ ಚೆನ್ನಾಗಿದೆ’ ಎಂಬ ಐದಕ್ಕೇ ಸುತ್ತು ಹಾಕಿತ್ತು. ಗೀಳು ಕಾಯಿಲೆಯ ಹದಿನೈದರ ಹುಡುಗಿಯ ಮಾತು ಹಾಗಿರಲಿ, ಯಾರ ಬದುಕಾದರೂ ಐವತ್ತಕ್ಕೆ ಐವತ್ತು ಇರುತ್ತದೆಯೇ!

ತಾಯಿಗೆ ಮಾತ್ರ ಹಿಡಿಸಲಾರದಷ್ಟು ಸಂತೋಷ. “ಮೂರು ತಿಂಗಳ ಹಿಂದೆ ಬರೀ ಹದಿನೆಂಟಿತ್ತಲ್ವಾ ಮೇಡಂ? ನಲವತ್ತು ದಾಟಿದ್ರೆ ವಾರವಾರ ಬರೋದು ಬೇಡ ಅಂದಿದ್ರಿ. ತಾಳಿ, ಇವರಪ್ಪನಿಗೆ ಹೇಳ್ಬಿಡ್ತೀನಿ,” ಎಂದು ಫೋನ್ ಹಿಡಿದು ಕುಂಟುತ್ತ ಹೊರಗೆ ಹೋದಳು.

ಹುಡುಗಿಯ ಬೆರಳ ಗಂಟುಗಳಲ್ಲಿ ಚರ್ಮ ಒಡೆದು ರಕ್ತ ಜಿನುಗುತ್ತಿತ್ತು.

“ಇವತ್ತು ಎಷ್ಟು ಸಲ ಕೈ ತೊಳೆದೆ?”

“ಅರವತ್ತು... ಆಮೇಲೆ ಎಣಿಸಿಲ್ಲ.”

“ನಿದ್ದೆ?”

“ಎರಡು ಗಂಟೆ.”

“ಮತ್ತೆ ಇದೇನಮ್ಮಾ ಇದು? ನನ್ನ ಕಣ್ಣಿಗೇ ಮಣ್ಣೆರಚ್ತೀಯಾ?” ಸಮಾಲೋಚಕಿಗೆ ಸಿಟ್ಟು ಬಂದೇಬಿಟ್ಟಿತು.

ಹುಡುಗಿ ತಲೆ ತಗ್ಗಿಸಿದಳು. “ಹೋದ ಸಲ ಇದ್ದದ್ದು ಇದ್ದ ಹಾಗೆ ಬರೆದೆ. ಮನೆಯಲ್ಲಿ ನೆಮ್ಮದಿಗೆ ಒಂದು ಹಾಕಿದೆ. ಮಾರನೇ ದಿನಾನೇ ಅಮ್ಮ ಮೆಟ್ಟಿಲಿಂದ ಬಿದ್ದು ಕಾಲು ಮುರ್ಕೊಂಡ್ಲು. ಈ ಸಲ ಒಂದೇ ಒಂದು ಕಡಿಮೆ ಹಾಕಿದ್ರೂ ಅಮ್ಮ ಉಳಿಯಲ್ಲ ಮೇಡಂ.”

ಸಮಾಲೋಚಕಿ ಹಾಳೆಯನ್ನು ಮಗುಚಿಟ್ಟಳು. ಕೈ ತೊಳೆಯುವುದು, ಚಿಲಕ ಮುಟ್ಟಿ ಮುಟ್ಟಿ ನೋಡುವುದು, ಎಣಿಸುವುದು ಎಂದು ಈ ಹುಡುಗಿಯ ಗೀಳುಗಳ ಪಟ್ಟಿ ಮಾಡಿಟ್ಟಿದ್ದಳು. ಅದಕ್ಕೆ ಇನ್ನೊಂದನ್ನು ಸೇರಿಸಿದವಳು ತಾನೇ. ಕೈಯಾರೆ ಹಾಳೆ ಕೊಟ್ಟು, ಮೇಲೊಂದು ಪೆನ್ನೂ ಕೊಟ್ಟಿದ್ದಳು. ಅಯ್ಯೋ, ಮೂರು ತಿಂಗಳಿಂದ ಈ ಕೂಸು ಒಬ್ಬಳೇ ಇದನ್ನು ಹೊತ್ತುಕೊಂಡು ತಿರುಗಿದೆಯಲ್ಲ!

“ನಿಜ ಹೇಳಿದ್ದು ಒಳ್ಳೇದಾಯ್ತು ಪುಟ್ಟಾ,” ಎಂದಳು.

ಹುಡುಗಿ ಥಟ್ಟನೆ ತಲೆಯೆತ್ತಿದಳು. ಮುಖ ಬಿಳಿಚಿಕೊಂಡಿತು.

“ಬಾಯಲ್ಲಿ ಹೇಳಿದ್ದೂ ಲೆಕ್ಕಕ್ಕೆ ಬರುತ್ತಾ?”

ಉತ್ತರಕ್ಕೆ ಕಾಯಲಿಲ್ಲ. ಕುರ್ಚಿ ದಡಾರನೆ ಬಿತ್ತು. “ಅಮ್ಮಾ!” ಎಂದು ಕಿರುಚುತ್ತ ಬಾಗಿಲು ತಳ್ಳಿಕೊಂಡು ಓಡಿದಳು.

ಕಾರಿಡಾರಿನ ತುದಿಯಲ್ಲಿ ತಾಯಿ ಫೋನ್ ಕಿವಿಗಿಟ್ಟುಕೊಂಡೇ ಇತ್ತ ತಿರುಗಿ, ಮುಖದ ತುಂಬ ನಕ್ಕಳು.

“ರೀ, ಕೇಳಿಸ್ತಾ? ನಿಮ್ಮ ಮಗಳೇ, ಓಡ್ಕೊಂಡು ಬರ್ತಿದಾಳೆ. ಖುಷಿ ತಡೆಯೋಕಾಗ್ತಿಲ್ಲ ಅವಳಿಗೆ!”